ಗಡಿಯಾರದ ಸುರುಳಿ, ಜಿಗಿಯುವ ಅಲಗು

ಬೆಳಗಿನ ಐದು ಗಂಟೆ. ಜಪಾನಿನ ಕ್ಯೂಶು ದ್ವೀಪದ ಬೆಟ್ಟಗಳ ನಡುವಿನ ಕುಂಬಾರ ಕೇರಿಯಲ್ಲಿ ಐವತ್ತೆಂಟರ ಹಿಸಾಯೊ ಹಸಿ ತಟ್ಟೆಯೊಂದಕ್ಕೆ ಹೆಬ್ಬೆರಳು ಒತ್ತಿ ನೋಡುತ್ತಾರೆ. ಗುರುತು ಬೀಳುವುದಿಲ್ಲ, ತಂಪು ಮಾತ್ರ ಇನ್ನೂ ಇದೆ.

"ಇನ್ನೊಂದು ಗಂಟೆ ಅಷ್ಟೆ. ಆಮೇಲೆ ಒಣಗಿಬಿಡುತ್ತೆ. ಮೂವತ್ತೂ ತಟ್ಟೆ ವಾಪಸ್ ಕೆಸರಿಗೆ ಹಾಕ್ಬೇಕು," ಎಂದು ಕೆಲಸ ನೋಡಲು ಬಂದ ನನಗೆ ಹೇಳುತ್ತಾರೆ.

ಕೇರಿಗೆಲ್ಲ ತಟ್ಟೆ ಸುಡುವ ಗೂಡು ಒಂದೇ. ಇವರ ಪಾಳಿ ಗುರುವಾರ. ತಪ್ಪಿದರೆ ಎರಡು ತಿಂಗಳು ಕಾಯಬೇಕು. ಕೈಯಲ್ಲಿ ಚುಕ್ಕಿ ಕೆತ್ತುವ ಅಲಗಿಲ್ಲ, ನಿನ್ನೆ ಸಂಜೆ ಮುರಿದುಹೋಗಿದೆ.

ಬಿಳಿಮಣ್ಣು ಬಳಿದ ತಟ್ಟೆ ಚಕ್ರದ ಮೇಲೆ ತಿರುಗುವಾಗ ಬಾಗಿದ ಉಕ್ಕಿನ ಪಟ್ಟಿಯ ಆ ಅಲಗನ್ನು ಹಗುರವಾಗಿ ತಾಗಿಸಿದರೆ, ಅದು ತಾನೇ ಜಿಗಿಜಿಗಿದು ಸಾವಿರಾರು ಚುಕ್ಕಿ ಕೆತ್ತುತ್ತದೆ. ಹಳೆಯ ಗಡಿಯಾರದ ಸ್ಪ್ರಿಂಗ್ ಸುರುಳಿಗಿರುವ ಪುಟಿತ ಹೊಸ ಪಟ್ಟಿಗಳಿಗಿಲ್ಲ. ರಾತ್ರಿಯೇ ಎರಡನ್ನು ಪರೀಕ್ಷಿಸಿದ್ದಾರೆ. ಒಂದು ಗೀರಿತು, ಇನ್ನೊಂದು ಅಂಟಿಕೊಂಡಿತು.

ಮೂವತ್ತನಾಲ್ಕು ವರ್ಷ, ದಿನಕ್ಕೆ ಅರವತ್ತು ತಟ್ಟೆ. ತಟ್ಟೆ ತುಂಬಿ ಮಾರುವ ಪೆಟ್ಟಿಗೆಯ ಮೇಲೆ ಮನೆತನದ ಹೆಸರು ಮಾತ್ರ. ಹಿಸಾಯೊ ಹೆಸರನ್ನು ಯಾರೂ ಎಲ್ಲೂ ಬರೆದಿಲ್ಲ. ನನಗಂತೂ ಸಿಟ್ಟು ಬರುತ್ತದೆ. ಅವರಿಗೆ ಬರುವುದಿಲ್ಲ.

ಅವರ ಕಣ್ಣು ಮತ್ತೆ ಮತ್ತೆ ಪಕ್ಕದ ಕೋಣೆಯ ಗೋಡೆಗೆ ಹೋಗುತ್ತಿದೆ. ಅಲ್ಲೊಂದು ಹಳೆಯ ಗಡಿಯಾರ, ಕೆಳಗೆ ಎಂಬತ್ತೆಂಟರ ಅತ್ತೆ ಕಿನು.

"ಕಳ್ಳಿ ಥರ ಗೋಡೆ ಯಾಕೆ ನೋಡ್ತೀಯ? ಬಾಯಿಬಿಟ್ಟು ಕೇಳಿದ್ರೆ ಮುತ್ತು ಉದುರುತ್ತಾ?"

"ಬೇಡ ಅತ್ತೆ. ಮಾವ ದಿನಾ ಕೀಲಿ ಕೊಡ್ತಿದ್ದ ಗಡಿಯಾರ ಅದು."

"ಅವರು ಹೋಗಿ ಹನ್ನೊಂದು ವರ್ಷ ಆಯ್ತು. ಅವತ್ತಿಂದ ಕೀಲಿ ಕೊಡ್ತಿರೋಳು ನಾನು. ಬಿಚ್ಚು."

ಹಿಸಾಯೊ ಗಡಿಯಾರ ಇಳಿಸುತ್ತಾರೆ. ಸುರುಳಿಯನ್ನು ಕತ್ತರಿಸಿ, ತುದಿ ಕಾಯಿಸಿ, ಬಾಗಿಸಿ, ಮಸೆಯುವಷ್ಟರಲ್ಲಿ ಅರ್ಧ ಗಂಟೆ ಕಳೆದಿರುತ್ತದೆ. ಪಕ್ಕದ ಕೋಣೆಯಲ್ಲಿ ಈಗ ಗಡಿಯಾರದ ಟಿಕ್ ಟಿಕ್ ಇಲ್ಲ. ಮೊದಲ ತಟ್ಟೆಯ ಮೇಲೆ ಅಲಗು ಉದ್ದಕ್ಕೆ ಗೀರುತ್ತದೆ. ತಟ್ಟೆ ಹಾಳು. ಹಿಸಾಯೊ ತುಟಿ ಕಚ್ಚಿ ಎರಡನೆಯದನ್ನಿಟ್ಟು, ಮಣಿಕಟ್ಟನ್ನು ತುಸು ಸಡಿಲಿಸುತ್ತಾರೆ.

ಟಕಟಕಟಕ. ನಡುವಿನಿಂದ ಅಂಚಿನವರೆಗೂ ಚುಕ್ಕಿಗಳು ತುಂಬಿಕೊಳ್ಳುತ್ತವೆ. ನಾನು ಆಗಲೇ ಉಸಿರು ಬಿಟ್ಟದ್ದು.

ಹನ್ನೆರಡನೆಯ ತಟ್ಟೆ ಇಳಿಸಲು ಚಕ್ರ ನಿಲ್ಲಿಸಿದಾಗ ಒಳಗಿನಿಂದ ಅತ್ತೆಯ ದನಿ ಬರುತ್ತದೆ: "ಯಾಕೆ ನಿಲ್ಲಿಸ್ದೆ? ಮನೆ ಭಣಗುಡ್ತಿದೆ."

ಹಿಸಾಯೊ ಅವಸರವಾಗಿ ಹದಿಮೂರನೆಯದನ್ನು ಚಕ್ರಕ್ಕಿಡುತ್ತಾರೆ.

"ನಿಲ್ಲಿಸಲ್ಲ ಅತ್ತೆ. ಇನ್ಮೇಲೆ ಈ ಟಕಟಕಕ್ಕೆ ಕೀಲಿ ಕೊಡೋಳು ನಾನು."