ಕ್ಲಚ್ ಮೇಲಿನ ಕಾಲು

ನಮ್ಮಕ್ಕನಿಗೆ ಎದೆಯ ಗಡ್ಡೆಯ ಆಪರೇಷನ್ ಆಗಿ, ಇಪ್ಪತ್ತೈದು ದಿನ ರೇಡಿಯೇಷನ್ ಕೊಡಬೇಕೆಂದು ಡಾಕ್ಟರು ಹೇಳಿದಾಗ, ಕರೆದುಕೊಂಡು ಹೋಗುತ್ತೇನೆಂದು ಮೊದಲು ಮುಂದೆ ಬಂದವಳು ನಾನೇ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ಆಗಷ್ಟೇ ನಿವೃತ್ತಳಾಗಿದ್ದೆ. ಮನೆಯಲ್ಲಿ ಹದಿನಾಲ್ಕು ವರ್ಷದ ಡೀಸೆಲ್ ಕಾರಿತ್ತು. ಹನುಮಂತನಗರದಿಂದ ಮಲ್ಲೇಶ್ವರಕ್ಕೆ ಹೋಗಿ ಅಕ್ಕನನ್ನು ಹತ್ತಿಸಿಕೊಂಡು, ಮತ್ತೆ ಬಂದ ದಿಕ್ಕಿಗೇ ಆಸ್ಪತ್ರೆಗೆ ವಾಪಸು. ಸುತ್ತು ಹೆಚ್ಚಾಯಿತು ಎಂದು ನನಗೆ ಒಂದು ದಿನವೂ ಅನ್ನಿಸಲಿಲ್ಲ.

ಮದುವೆಯಾದ ಮೇಲೆ ನಾವಿಬ್ಬರೇ ಕೂತು ಮಾತಾಡಿದ್ದು ಕಡಿಮೆ. ಹಬ್ಬದಲ್ಲೋ ಮುಂಜಿಯಲ್ಲೋ ಸಿಕ್ಕರೆ ಸುತ್ತ ಹತ್ತು ಜನ. ಈಗ ದಿನಕ್ಕೆ ಎರಡು ಗಂಟೆ, ಕಾರಿನೊಳಗೆ ನಾವಿಬ್ಬರೇ. ಅಕ್ಕ ರಸ್ತೆ ನೋಡುತ್ತಾ ಮಾತಾಡುವಳು. ಒಂದು ದಿನ, "ಅಪ್ಪ ನನ್ನ ಓದು ಬಿಡಿಸಿ ನಿನ್ನನ್ನ ಓದಿಸಿದ್ರಲ್ಲ, ನಿನ್ ಮೇಲೆ ಎಷ್ಟೋ ವರ್ಷ ಸಿಟ್ಟಿತ್ತು ಕಣೇ" ಅಂದಳು. ಎದುರೆದುರು ಕೂತಿದ್ದರೆ ಅದನ್ನು ಅವಳು ಹೇಳುತ್ತಿರಲಿಲ್ಲ, ನಾನೂ ಕೇಳಿಸಿಕೊಳ್ಳುತ್ತಿರಲಿಲ್ಲ.

ಒಂಬತ್ತನೆಯ ದಿನ ಆನಂದರಾವ್ ಸರ್ಕಲ್ಲಿನ ಫ್ಲೈಓವರ್ ಹತ್ತುವಾಗ ಕಾರಿನ ಶಕ್ತಿಯೇ ಉಡುಗಿಹೋಯಿತು. ಇಂಜಿನ್ ನಿಂತಿರಲಿಲ್ಲ. ಆಕ್ಸಿಲರೇಟರನ್ನು ಪೂರ್ತಿ ಒತ್ತಿದರೂ ಎಳೆಯುತ್ತಿರಲಿಲ್ಲ. ಹಿಂದಿನಿಂದ ಬಸ್ಸಿನವನು ಹಾರ್ನ್ ಬಾರಿಸಿದ್ದೇ ಬಾರಿಸಿದ್ದು. ತೆವಳಿಕೊಂಡು ಪಕ್ಕಕ್ಕೆ ತಂದು ಆಫ್ ಮಾಡಿದೆ. ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಏನೂ ಆಗಿಯೇ ಇಲ್ಲವೇನೋ ಎಂಬಂತೆ ಓಡಿತು.

ಆ ಭಾನುವಾರ ನನ್ನ ಗಂಡ ಡೀಸೆಲ್ ತುಂಬಿಸಿಕೊಂಡು, ಅದೇ ಫ್ಲೈಓವರ್ ಎರಡು ಸಲ ಹತ್ತಿ ಇಳಿದು ಬಂದರು.

"ಕಾರು ಚೆನ್ನಾಗೇ ಇದೆ. ನೀನು ಕ್ಲಚ್ ಮೇಲೆ ಕಾಲಿಟ್ಕೊಂಡು ಓಡಿಸ್ತೀಯ, ಅದಕ್ಕೇ ಎಳೆಯಲ್ಲ, ಅಷ್ಟೇ."

ಚಾಮರಾಜಪೇಟೆಯ ಗ್ಯಾರೇಜಿಗೆ ಒಯ್ದೆ. ಅಲ್ಲಿಯವನು ಡೀಸೆಲ್ ಫಿಲ್ಟರ್ ಬದಲಾಯಿಸಿದ, ಕಂಪ್ಯೂಟರ್ ಹಾಕಿ ನೋಡಿದ. ಆಮೇಲೆ ನನಗೆ ಏನನ್ನೂ ಹೇಳದೆ, "ಸಾರ್‌ಗೆ ಒಂದು ಫೋನ್ ಹಾಕ್ಕೊಡಿ ಮೇಡಂ" ಅಂದ. ನನ್ನ ಫೋನಿನಲ್ಲೇ, ನನ್ನ ಎದುರಿಗೇ ನಿಂತು ಹೇಳಿದ: "ಗಾಡೀಲಿ ಏನೂ ಇಲ್ಲ ಸಾರ್. ಮೇಡಂಗೆ ಸ್ವಲ್ಪ ಹಾಫ್ ಕ್ಲಚ್ ಅಭ್ಯಾಸ ಇರ್ಬೇಕು."

ಹದಿನಾಲ್ಕನೆಯ ದಿನ ಮತ್ತೆ ಹಾಗೆಯೇ ಆಯಿತು. ಈ ಸಲ ಚಿಕಿತ್ಸೆ ಮುಗಿಸಿ ವಾಪಸು ಬರುವಾಗ, ಮಟಮಟ ಮಧ್ಯಾಹ್ನ. ಅಕ್ಕನಿಗೆ ಎದೆಯ ಚರ್ಮ ಸುಟ್ಟಂತಾಗಿ ಉರಿಯುತ್ತಿತ್ತು. ಸೆರಗನ್ನು ಬೆರಳಲ್ಲಿ ಎತ್ತಿ ಹಿಡಿದು ಕೂತಿದ್ದಳು. ತಡವಾಯಿತೆಂದು ಫೋನ್ ಮಾಡಿದ ಭಾವ ವಿಷಯ ಕೇಳಿ ಕ್ಯಾಬ್ ಹಿಡಿದು ಅಲ್ಲಿಗೇ ಬಂದರು.

"ಹುಷಾರಿಲ್ಲದೋಳನ್ನ ನಡುರಸ್ತೇಲಿ ಕೂರಿಸಿದೀಯಲ್ಲ. ಓಡ್ಸೋಕೆ ಬರ್ದೇ ಇದ್ರೆ ಯಾಕಮ್ಮ ಒಪ್ಕೋಬೇಕಿತ್ತು?"

ನಾನು ಅಕ್ಕನ ಕಡೆ ನೋಡಿದೆ. ಅವಳು ರಿಪೋರ್ಟಿನ ಚೀಲ ಎತ್ತಿಕೊಂಡು ಕ್ಯಾಬ್ ಹತ್ತಿದಳು. ಉಳಿದ ಹನ್ನೊಂದು ದಿನವೂ ಕ್ಯಾಬಿನಲ್ಲೇ ಹೋದಳು.

ಆಮೇಲೆ ನನಗೆ ನನ್ನ ಮೇಲೇ ಅನುಮಾನ ಶುರುವಾಯಿತು. ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಬಗ್ಗಿ ಎಡಗಾಲು ನೋಡಿಕೊಳ್ಳುತ್ತಿದ್ದೆ. ಇಪ್ಪತ್ತೆರಡು ವರ್ಷದಿಂದ ಕಾರು ಓಡಿಸುತ್ತಿದ್ದವಳು, ನನ್ನ ಕಾಲು ಎಲ್ಲಿದೆಯೆಂದು ನನಗೇ ಗೊತ್ತಿಲ್ಲದಂತಾಗಿದ್ದೆ. ಕೊನೆಗೆ ರೋಸಿಹೋಗಿ ಒಂದು ನೋಟ್‌ಬುಕ್ ತೆಗೆದೆ. ಮಕ್ಕಳಿಗೆ ಪ್ರಯೋಗ ಬರೆಸುತ್ತಿದ್ದ ಹಾಗೆಯೇ ಬರೆಯತೊಡಗಿದೆ: ಎಲ್ಲಿ ಆಯಿತು, ಹೊರಟು ಎಷ್ಟು ಹೊತ್ತಾಗಿತ್ತು, ಏರೋ ಸಮತಟ್ಟೋ, ಡೀಸೆಲ್ ಮುಳ್ಳು ಎಲ್ಲಿತ್ತು. ಒಂದು ತಿಂಗಳಲ್ಲಿ ಐದು ಸಲ ಆಯಿತು. ಐದು ಸಲವೂ ಮುಳ್ಳು ಅರ್ಧಕ್ಕಿಂತ ಕೆಳಗಿತ್ತು. ಟ್ಯಾಂಕ್ ತುಂಬಿದ್ದಾಗ ಒಮ್ಮೆಯೂ ಆಗಿರಲಿಲ್ಲ. ನನ್ನ ಗಂಡ ಓಡಿಸುತ್ತಿದ್ದದ್ದು ಭಾನುವಾರ, ಅದೂ ಟ್ಯಾಂಕ್ ತುಂಬಿಸಿಕೊಂಡ ಮೇಲೆ.

ಇದನ್ನು ಅವರಿಗೆ ತೋರಿಸಿದೆ. "ಟ್ಯಾಂಕಲ್ಲಿ ಎಷ್ಟಿದೆ ಅಂತ ಇಂಜಿನ್‌ಗೇನು ಗೊತ್ತಾಗತ್ತೆ?" ಎಂದು ನಕ್ಕರು.

ಶಾಲೆಯ ಹಳೆಯ ಸಹೋದ್ಯೋಗಿಯೊಬ್ಬಳು ಶ್ರೀರಾಂಪುರದ ಮೆಕ್ಯಾನಿಕ್ ಒಬ್ಬರ ವಿಳಾಸ ಕೊಟ್ಟಳು. ವಯಸ್ಸಾದವರು, ಮನೆಯ ಮುಂದೆಯೇ ರಿಪೇರಿ. ನೋಟ್‌ಬುಕ್ಕನ್ನು ಒರೆಸಿಕೊಂಡ ಕೈಯಲ್ಲಿ ಹಿಡಿದು ಪೂರ್ತಿ ಓದಿದರು. ಗಂಡನ ನಂಬರ್ ಕೇಳಲಿಲ್ಲ.

"ಇಂಜಿನ್‌ಗೇನೂ ಕಾಯಿಲೆ ಇಲ್ಲಮ್ಮ. ಅದಕ್ಕೆ ಊಟ ಸಿಗ್ತಿಲ್ಲ. ಎಲ್ಲಿ ತಡೀತಿದೆ ಅಂತ ನೋಡೋಣ."

ಟ್ಯಾಂಕಿನಿಂದ ಬರುವ ಪೈಪನ್ನು ಬಿಚ್ಚಿ, ಬಾನೆಟ್ಟಿನೊಳಗೆ ಡೀಸೆಲ್ಲಿನ ಪುಟ್ಟ ಕ್ಯಾನ್ ಕಟ್ಟಿ, ಅದರಿಂದಲೇ ಇಂಜಿನ್ನಿಗೆ ಡೀಸೆಲ್ ಹೋಗುವಂತೆ ಮಾಡಿದರು. ಪಕ್ಕದಲ್ಲಿ ಕೂತು, "ನೀವೇ ಓಡ್ಸಿ" ಅಂದರು. ಒಂದು ಗಂಟೆ ಏರುಗಳನ್ನೇ ಹುಡುಕಿಕೊಂಡು ಓಡಿಸಿದೆ. ಒಮ್ಮೆಯೂ ಸೋಲಲಿಲ್ಲ. ಮತ್ತೆ ಟ್ಯಾಂಕಿನ ಪೈಪ್ ಸೇರಿಸಿ ಹೊರಟೆವು. ನಾಲ್ಕನೆಯ ಏರಿನಲ್ಲಿ ಕಾರು ಕುಗ್ಗಿತು. ಅವರು ಬಗ್ಗಿ ನನ್ನ ಎಡಗಾಲನ್ನು ನೋಡಿದರು.

"ಕಾಲು ಸರಿಯಾಗೇ ಇದೆಯಮ್ಮ. ಟ್ಯಾಂಕ್ ಇಳಿಸ್ಬೇಕು."

ಕಣ್ಣಲ್ಲಿ ನೀರು ಬಂತು. ಅವರು ನೋಡದವರಂತೆ ಕಿಟಕಿಯ ಕಡೆ ತಿರುಗಿದರು.

ಟ್ಯಾಂಕಿನೊಳಗಿಂದ ಸಿಕ್ಕಿದ್ದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾದ ಬೆಳ್ಳಿ ಬಣ್ಣದ ತೆಳು ಬಿಲ್ಲೆ. ಮೈಲೇಜ್ ಬರುತ್ತದೆಂದು ಡೀಸೆಲ್ಲಿಗೆ ಸುರಿಯುವ ಬಾಟಲಿಯ ಮುಚ್ಚಳದಡಿಯ ಸೀಲು. ಡೀಸೆಲ್ ಕಡಿಮೆಯಾದಾಗ ಅದು ಹೀರುವ ಪೈಪಿನ ಬಾಯಿಗೆ ಅಂಟಿಕೊಳ್ಳುತ್ತಿತ್ತು. ಇಂಜಿನ್ ಆಫ್ ಮಾಡಿದರೆ ಬಿಟ್ಟುಕೊಳ್ಳುತ್ತಿತ್ತು. ನಮ್ಮ ಮನೆಯಲ್ಲಿ ಆ ಬಾಟಲಿ ತಂದು ಸುರಿಯುತ್ತಿದ್ದವರು ಒಬ್ಬರೇ.

ಬಿಲ್ಲೆಯನ್ನು ನನ್ನ ಗಂಡನ ಪೇಪರಿನ ಮೇಲೆ ಇಟ್ಟೆ. ಸ್ವಲ್ಪ ಹೊತ್ತು ನೋಡಿದರು.

"ಜಾರಿ ಬಿದ್ದಿರ್ಬೇಕು. ಸರಿಹೋಯ್ತಲ್ಲ, ಬಿಡು."

"ಭಾವಂಗೆ ಒಂದು ಫೋನ್ ಮಾಡಿ ಹೇಳ್ರಿ. ನನ್ ತಪ್ಪಲ್ಲ ಅಂತ."

"ಇಷ್ಟು ಸಣ್ಣ ವಿಷಯಕ್ಕೆ ಫೋನಾ?" ಎಂದು ಬಿಲ್ಲೆಯನ್ನು ಪಕ್ಕಕ್ಕೆ ಸರಿಸಿ ಪುಟ ತಿರುಗಿಸಿದರು.

ನಾನೇ ಮಲ್ಲೇಶ್ವರಕ್ಕೆ ಹೋದೆ. ಅಕ್ಕನ ಚಿಕಿತ್ಸೆ ಮುಗಿದು ಒಂದು ತಿಂಗಳು ದಾಟಿತ್ತು. ಭಾವ ಬಿಲ್ಲೆಯನ್ನು ತಿರುಗಿಸಿ ನೋಡಿ, "ಮೆಕ್ಯಾನಿಕ್‌ಗಳು ಏನು ಬೇಕಾದ್ರೂ ತೋರಿಸ್ತಾರೆ" ಅಂದರು. ಅಡುಗೆಮನೆಗೆ ಹೋಗಿ ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಅವಳು ಕಾಫಿ ಸೋಸುತ್ತಿದ್ದವಳು ಕೈ ನಿಲ್ಲಿಸದೆಯೇ ಕೇಳಿಸಿಕೊಂಡಳು.

"ನಂಗೆ ಅವತ್ತೇ ಗೊತ್ತಿತ್ತು ಕಣೇ. ಪಕ್ಕದಲ್ಲೇ ಕೂತಿದ್ನಲ್ಲ. ನಿನ್ ಕಾಲು ಕ್ಲಚ್ ಮೇಲಿರ್ಲಿಲ್ಲ."

"ಮತ್ತೆ ಅವತ್ತು ಯಾಕೆ ಹೇಳ್ಲಿಲ್ಲ?"

"ಅವರು ಅಷ್ಟು ಸಿಟ್ಟಾಗಿದ್ರು. ಮಾತಿಗೆ ಮಾತು ಯಾಕೆ ಅಂತ ಸುಮ್ಮನಿದ್ದೆ."

ಗಂಡನ ಮಾತನ್ನೂ ಭಾವನ ಮಾತನ್ನೂ ನಾನು ಹೇಗೋ ನುಂಗಿಕೊಂಡಿದ್ದೆ. ಇದನ್ನು ನುಂಗಲಾಗಲಿಲ್ಲ. ಅವಳ ಮೇಲೆ ರೇಗಬೇಕೆನ್ನಿಸಿತು. ಅವಳ ಕೊರಳ ಕೆಳಗೆ ಚರ್ಮ ಇನ್ನೂ ಕಪ್ಪಾಗಿಯೇ ಇತ್ತು, ರೇಗಲೂ ಆಗಲಿಲ್ಲ. "ಮುಂದಿನ ಸಲ ಚೆಕಪ್‌ಗೆ ನಾನೇ ಕರ್ಕೊಂಡು ಹೋಗ್ಲಾ?" ಎಂದು ಕೇಳಿದೆ.

"ಬೇಡ ಬಿಡೇ, ನಿಂಗ್ಯಾಕೆ ತೊಂದರೆ. ಕ್ಯಾಬೇ ಅಭ್ಯಾಸ ಆಗ್ಬಿಟ್ಟಿದೆ" ಅಂದಳು.

ಈಗ ಮೂರು ತಿಂಗಳಿಗೊಮ್ಮೆ ಹೋಗಿಬರುತ್ತಾಳೆ. ಬಂದ ಮೇಲೆ ಫೋನ್ ಮಾಡಿ, ರಿಪೋರ್ಟ್ ಚೆನ್ನಾಗಿದೆ ಅನ್ನುತ್ತಾಳೆ. ಪಕ್ಕದಲ್ಲಿ ಭಾವ ಕೆಮ್ಮುವುದು ಕೇಳಿಸುತ್ತದೆ. ಒಳ್ಳೇದಾಯ್ತು ಎಂದು ನಾನು ಇಟ್ಟುಬಿಡುತ್ತೇನೆ.