ಗೈಡ್ ಹನುಮಂತಪ್ಪನವರ ಬಿಚ್ಚದ ಕೊಡೆ

ಗೈಡ್ ಹನುಮಂತಪ್ಪನವರು ಎಂಥ ಬಿಸಿಲಿನಲ್ಲೂ ಕೊಡೆ ಬಿಚ್ಚಿದವರಲ್ಲ. ಉದ್ದ ಹಿಡಿಯ ಕರಿ ಕೊಡೆ. ಹಂಪಿ ಬಜಾರಿನ ಮಂಟಪಗಳನ್ನೆಲ್ಲ ಅದರ ತುದಿಯಿಂದಲೇ ತೋರಿಸುತ್ತಿದ್ದರು. ಯಾಕೆ ಬಿಚ್ಚುವುದಿಲ್ಲ ಎಂದು ಕೇಳಿದರೆ, "ಇಂಗ್ಲೆಂಡಿನ ದೊಡ್ಡ ಸಾಹೇಬ್ರು ಕೊಟ್ಟದ್ದು ಮೇಡಮ್ಮಾರ. ಬಿಚ್ಚಿದ್ರ ಅದರ ಮರ್ಯಾದಿ ಹೋಗ್ತೈತಿ" ಎನ್ನುವರು.

ಹೊಸಪೇಟೆಯಲ್ಲಿ ಅವರ ಮನೆ ನಮ್ಮ ಹಿಂದಿನ ಓಣಿಯಲ್ಲಿ. ಕಾನ್ವೆಂಟಿನಲ್ಲೇ ಓದಿ, ಅಲ್ಲೇ ಇಂಗ್ಲಿಷ್ ಕಲಿಸಿ ರಿಟೈರ್ ಆದ ನನಗೆ ಭಾನುವಾರ ಹಂಪಿಯಲ್ಲಿ ಅವರ ಪ್ರವಾಸಿಗರ ಗುಂಪಿನ ಹಿಂದೆ ನಡೆಯುವುದೇ ಒಂದು ಪಿಕ್‌ನಿಕ್. ಅಲ್ಲೊಂದು ಬಂಡೆಯಲ್ಲಿ ಬಟ್ಟಲಿನಂಥ ಕುಳಿಯಿತ್ತು. ಹೊಸದಾಗಿ ಮದುವೆಯಾದವರು ಬಂದರೆ ಅದು ರಾಣಿಯ ಗಂಧದ ಬಟ್ಟಲು. ಡಾಕ್ಟರು ಬಂದರೆ ಅರಮನೆಯ ವೈದ್ಯ ಮದ್ದು ಅರೆಯುತ್ತಿದ್ದ ಕಲ್ಲು. ಒಂದೇ ಬೆಳಿಗ್ಗೆ ಎರಡನ್ನೂ ಕೇಳಿದ ನಾನು ಟೀಚರ್ ದನಿಯಲ್ಲೇ ಗದರಿದೆ.

"ಕತಿ ಅಂದ್ರ ಅಂಗಿ ಇದ್ದಂಗ್ರಿ, ಮೈ ಅಳತಿ ನೋಡಿ ಹೊಲೀಬೇಕು" ಎಂದರು, ಚೂರೂ ನಾಚದೆ. "'ಗೊತ್ತಿಲ್ಲ' ಅಂದ್ನೋ, ಎಲ್ಲಾರೂ ನೆಳ್ಳಿಗೆ ಹೋಗಿ ಕುಂದರ್ತಾರ. ಕಲ್ಲಿಗೆ ಬಾಯಿಲ್ಲ, ಅದಕ್ಕ ನಾನದೀನಿ."

ಒಂದು ಬೆಳಿಗ್ಗೆ ನನ್ನ ಕ್ಲಾಸ್‌ಮೇಟ್ ಫಿಲೋಮಿನಾ ಮೊಬೈಲಿಗೆ ಒಂದು ವಿಡಿಯೋ ಕಳಿಸಿದಳು. ಹಂಪಿಯ ಅದೇ ಕುಳಿ. ಅದರಲ್ಲಿ ರಾತ್ರಿಯಿಡೀ ನಿಂತ ನೀರು ಕುಡಿದರೆ ಶುಗರ್ ಮಾಯ, ಮಾತ್ರೆಯೇ ಬೇಡ, ವಿಜ್ಞಾನಿಗಳೂ ಒಪ್ಪಿದ್ದಾರೆ ಎಂದು ಸೊಗಸಾದ ಇಂಗ್ಲಿಷ್ ದನಿ, ಹಿನ್ನೆಲೆಯಲ್ಲಿ ಪಿಟೀಲು. ನನಗೂ ಶುಗರ್. ಬಂಡೆ ನಾನು ಕಂಡ ಬಂಡೆ. ಕಳಿಸಿದವಳು ವರ್ಷಗಟ್ಟಲೆ ನನ್ನ ಟಿಫಿನ್ ಹಂಚಿಕೊಂಡವಳು. ಹನುಮಂತಪ್ಪನವರ ಹೆಂಡತಿ ಗಂಗಮ್ಮನಿಗೂ ಅದೇ ಕಾಯಿಲೆಯಲ್ಲವೇ ಎಂದು ಆ ಕ್ಷಣವೇ ಕನ್ನಡದಲ್ಲಿ ಅರ್ಥ ಬರೆದು ಗಂಗಮ್ಮನ ಫೋನಿಗೇ ಫಾರ್ವರ್ಡ್ ಮಾಡಿದೆ. ಕಾಫಿಗೆ ಮುಂಚೆಯೇ ಒಂದು ಪುಣ್ಯದ ಕೆಲಸ ಮುಗಿಸಿದ ಖುಷಿ.

ವಾರದ ನಂತರ ಹನುಮಂತಪ್ಪನವರು ಬಂದರು. ಕೊಡೆ ಕಂಕುಳಲ್ಲಿ ಮುದುಡಿತ್ತು.

"ಮೇಡಮ್ಮಾರ, ನಮ್ಮಾಕಿ ಗುಳಿಗಿ ಬಿಟ್ಟು ವಾರ ಆತ್ರಿ. ದಿನಾ ಬಾಟ್ಲಿ ಕೊಟ್ಟು ಆ ಕುಳಿ ನೀರು ತರ್ರಿ ಅಂತಾಳ. ನಾನು ಬಸ್‌ಸ್ಟ್ಯಾಂಡ್ ನಳದ ನೀರು ತುಂಬಿ ಕೊಡ್ತೀನಿ. ಅದಕ್ಕೂ 'ಮಸ್ತ್ ಗುಣ ಐತಿ' ಅಂತಾಳ. ನಿನ್ನಿ ತಲಿ ಸುತ್ತಿ ಬಿದ್ಲು."

ನನ್ನ ಫೋನಿನಲ್ಲಿ ವಿಡಿಯೋ ಹಾಕಿಸಿ ಒಂದು ಮೂಲೆಗೆ ಬೆರಳಿಟ್ಟರು. ಅಲ್ಲೊಂದು ಕರಿ ಕೊಡೆಯ ತುದಿ.

"ಕತಿ ನಂದ ರೀ. ಶುಗರ್ ಇದ್ದ ಹೆಣ್ಮಕ್ಳು ಬಂದಿದ್ರು, ಅವರ ಅಳತಿಗೆ ಹೊಲದಿದ್ದೆ. ಊರೆಲ್ಲಾ ತಿರುಗಿ ನಮ್ಮ ಮನಿಗೇ ಬಂತು."

ಇಬ್ಬರೂ ಅವರ ಮನೆಗೆ ಓಡಿದೆವು. ಹನುಮಂತಪ್ಪನವರು ಎಲ್ಲವನ್ನೂ ಒಪ್ಪಿಕೊಂಡರು. ಗಂಗಮ್ಮ ಅಲುಗಲಿಲ್ಲ. "ನಲವತ್ತು ವರ್ಷದಾಗ ಒಂದು ಖರೆ ಹೇಳಿಲ್ಲ ನೀವು. ಇವತ್ತು ಹೇಳಾಕತ್ತೀರಿ ಅಂತ ಹೆಂಗ ನಂಬ್ಲಿ? ಅದನ್ನ ಮೇಡಮ್ಮಾರು ಕಳಿಸ್ಯಾರ. ಅವರು ಸುಳ್ಳು ಕಳಸ್ತಾರೇನು?"

ಇಷ್ಟು ವರ್ಷ ಮಕ್ಕಳಿಂದ ಸಾರಿ ಹೇಳಿಸಿದವಳು ನಾನು. ಹೇಳುವುದು ಅಷ್ಟು ಕಷ್ಟವೆಂದು ಗೊತ್ತಿರಲಿಲ್ಲ. "ಪರೀಕ್ಷೆ ಮಾಡದೆ ಕಳಿಸಿಬಿಟ್ಟೆ ಗಂಗಮ್ಮ. ತಪ್ಪು ನನ್ನದೇ. ಐ ಆ್ಯಮ್ ಸಾರಿ."

ಅವರು ನನ್ನನ್ನೇ ದಿಟ್ಟಿಸಿದರು. "ನೀವು ಗುಳಿಗಿ ಬಿಟ್ಟೀರೇನು?"

"ಇಲ್ಲ."

"ಹಂಗಾದ್ರ ನಂಗ್ಯಾಕ ಕಳಿಸಿದ್ರಿ?"

ಇದ್ದದ್ದನ್ನೇ ಹೇಳಿದೆ: ನಾನೂ ಪೂರ್ತಿ ನಂಬಿರಲಿಲ್ಲ, ನಿಜವಾಗಲಿ ಎಂಬ ಆಸೆಯಿತ್ತು. ಆ ಆಸೆಯನ್ನು ಪ್ರೀತಿಯ ಹೆಸರಿನಲ್ಲಿ ಇನ್ನೊಬ್ಬರಿಗೆ ದಾಟಿಸಿದ್ದೆ, ಅಷ್ಟೆ. ಮೊದಲು ನಕ್ಕವರು ಗಂಗಮ್ಮನೇ. "ಶಾಣ್ಯಾರ ಹಣೆಬಾರನೂ ಇಷ್ಟ ಏನ್ರಿ!" ಎಂದು ಅಕ್ಕಿ ಡಬ್ಬಿಯ ಹಿಂದಿನಿಂದ ಮಾತ್ರೆ ತೆಗೆದರು. ಅವತ್ತೇ ಅವರನ್ನು ಡಾಕ್ಟರಿಗೂ ತೋರಿಸಿ ಬಂದೆವು. ಅಂದಿನಿಂದ ದಿನಾ ಬೆಳಿಗ್ಗೆ ಗಂಗಮ್ಮನ ಫೋನು: "ಗುಳಿಗಿ ನುಂಗಿದ್ರೇನ್ರಿ ಮೇಡಮ್ಮಾರ?"

ಹನುಮಂತಪ್ಪನವರೊಂದಿಗೆ ನನ್ನ ಕೊನೆಯ ಭಾನುವಾರವೂ ಆ ಕುಳಿಯ ಮುಂದೆಯೇ. ಗುಂಪಿನಲ್ಲೊಬ್ಬರು ಅದೇನೆಂದು ಕೇಳಿದರು. ಕೊಡೆ ಮೇಲೆದ್ದಿತು, ಅಲ್ಲೇ ನಿಂತಿತು. "ಗೊತ್ತಿಲ್ರೀ" ಎಂದರು. ಯಾರೂ ನೆರಳಿಗೆ ಹೋಗಲಿಲ್ಲ. ಒಬ್ಬೊಬ್ಬರಾಗಿ ಬಗ್ಗಿ, ಕುಳಿಯೊಳಗೆ ಕೈಯಾಡಿಸಿ, ತಾವೇ ವಾದಕ್ಕಿಳಿದರು. ಹನುಮಂತಪ್ಪನವರು ನನ್ನ ಕಿವಿಯ ಬಳಿ ಪಿಸುಗುಟ್ಟಿದರು: "ಒಂದು ಚಂದದ ಕತಿ ನಾಲಿಗಿ ತುದಿಗೆ ಬಂದಿತ್ರಿ. ನುಂಗಿದೆ. ಗುಳಿಗಿಗಿಂತ ಕಹಿ ಐತ್ರಿ."

ಅವರು ತೀರಿಹೋದ ಮೇಲಿನ ಮೊದಲ ಮಳೆಗಾಲ. ಗಂಗಮ್ಮನೂ ನಾನೂ ಡಾಕ್ಟರಲ್ಲಿಗೆ ಹೊರಟಿದ್ದೆವು, ಹನಿ ಶುರುವಾಯಿತು. ಗಂಗಮ್ಮ ಮೊಳೆಯಿಂದ ಆ ಕೊಡೆ ಇಳಿಸಿ, ಒಂದು ಕ್ಷಣ ತಡೆದು, ಬಿಚ್ಚಿದರು. ಬಟ್ಟೆಯೆಲ್ಲ ನುಸಿ ತಿಂದು ಜರಡಿಯಾಗಿತ್ತು. ಕೊಡೆಯ ಒಳಮಗ್ಗುಲಲ್ಲಿ ನಮ್ಮ ಹೊಸಪೇಟೆಯದೇ ಅಂಗಡಿಯೊಂದರ ಚೀಟಿ.

"ಇಂಗ್ಲೆಂಡಿನ ಸಾಹೇಬ್ರಂತ" ಎಂದರು ಗಂಗಮ್ಮ, ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಾ. "ಇದನ್ನ ನಾನೂ ನಂಬಿದ್ನಲ್ರೀ."

ಮಡಚಲು ಮನಸ್ಸಾಗಲಿಲ್ಲ. ಅದನ್ನೇ ಹಿಡಿದು ಇಬ್ಬರೂ ಓಣಿಗಿಳಿದೆವು, ಚೆನ್ನಾಗಿ ನೆನೆಯುತ್ತಾ.