ಬಾಟ್ಲಿಗಳ ಬಾಯಿಗೆ ಕಟ್ಟಿದ ನೇರಳೆ ಸೀರೆ

ಅಕ್ಕನ ಮೇಲೆ ನನಗಿದ್ದದ್ದು ಹೊಟ್ಟೆಕಿಚ್ಚು ಎಂದು ಆಗ ಯಾರಾದರೂ ಹೇಳಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದೆ. ಈಗ ಅದಕ್ಕೆ ಬೇರೆ ಹೆಸರು ಸಿಗುತ್ತಿಲ್ಲ.

ಐವತ್ತರ ದಶಕದ ಕೊನೆ. ಅಪ್ಪ ಹೋದ ಮೇಲೆ ಅಮ್ಮ ಭದ್ರಾವತಿಯಲ್ಲಿ, ಭಾವನಿಗೆ ಕಾರ್ಖಾನೆಯವರು ಕೊಟ್ಟ ಕ್ವಾರ್ಟರ್ಸಿನಲ್ಲಿ, ಅಕ್ಕನ ಜೊತೆ ಇದ್ದಳು. ನಾನು ಶಿವಮೊಗ್ಗದಲ್ಲಿ. ರೈಲು ಹತ್ತಿ ಕೂತರೆ ಒಂದು ಗಂಟೆಯೂ ಹಿಡಿಯದ ದಾರಿ. ಆದರೂ ನನ್ನ ಮನೆಗೆ ಬಂದು ನಾಲ್ಕು ದಿನ ಇರು ಎಂದರೆ ಅಮ್ಮನದು ಒಂದೇ ಮಾತು: "ಈ ಕೌದಿ ಒಂದು ಮುಗೀಲಿ, ಬರ್ತೀನಿ."

ಅಕ್ಕನಿಗೆ ಕೌದಿ ಹೊಲಿಯುವ ಹುಚ್ಚು. ಒಂದು ಮುಗಿಯುವ ಮೊದಲೇ ಇನ್ನೊಂದಕ್ಕೆ ಬಟ್ಟೆ ಕೂಡಿಡುತ್ತಿದ್ದಳು. ಮಧ್ಯಾಹ್ನ ಊಟವಾದ ಮೇಲೆ ತಾಯಿ ಮಗಳು ಹಳೆಯ ಸೀರೆಗಳನ್ನು ಪದರಪದರವಾಗಿ ಹಾಸಿ, ಎದುರುಬದುರು ಕೂತು ದಾರದ ಸಾಲು ಹಾಕುತ್ತಿದ್ದರು. ಅಮ್ಮ ದಾರ ಮುಗಿದ ಸೂಜಿಯನ್ನು ನೋಡದೆಯೇ ಮುಂದೆ ಚಾಚುತ್ತಿದ್ದಳು, ಅಕ್ಕ ನೋಡದೆಯೇ ತೆಗೆದುಕೊಂಡು ಪೋಣಿಸಿ ಕೊಡುತ್ತಿದ್ದಳು. ನನಗೆ ಹೊಲಿಗೆ ಬಾರದು. ನಾನು ಗೋಡೆಗೆ ಒರಗಿ ಆ ಸೂಜಿಯನ್ನೇ ನೋಡುತ್ತಿದ್ದೆ.

ನನ್ನ ಹವ್ಯಾಸ ಬೇರೆ. ಮಹಿಳಾ ಸಮಾಜದ ತರಗತಿಯಲ್ಲಿ ಹಣ್ಣನ್ನು ಬಾಟ್ಲಿಯಲ್ಲಿ ತುಂಬಿಡುವುದು ಕಲಿತಿದ್ದೆ. ಅನಾನಸಿನ ಹೋಳು, ಸಕ್ಕರೆ ನೀರು. ಹಂಡೆಯ ತಳಕ್ಕೆ ಬಟ್ಟೆ ಹಾಸಿ, ಬಾಟ್ಲಿಗಳನ್ನು ಮುಳುಗಿಸಿ ಕುದಿಸಿ, ಮುಚ್ಚಳಕ್ಕೆ ಮೇಣ ಬಳಿದರೆ ವರ್ಷವಾದರೂ ಕೆಡುವುದಿಲ್ಲ. ಅಂಥ ಎರಡು ಬಾಟ್ಲಿ ಹಿಡಿದು ಒಂದು ಭಾನುವಾರ ಭದ್ರಾವತಿಗೆ ಹೋದೆ.

"ಎಷ್ಟು ದಿನದ್ದೇ ಇದು?" ಅಂದಳು ಅಮ್ಮ.

"ಎರಡು ತಿಂಗಳಾಯ್ತು. ನೋಡು, ಚೂರೂ ಕೆಟ್ಟಿಲ್ಲ!"

"ನೀರು ಹಾಕಿ ಬೇಯ್ಸಿದ್ದು. ಎರಡು ತಿಂಗಳ ತಂಗಳು! ನಾನು ತಿಂತೀನೇನೇ?"

ಅಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ನಿನ್ನೆಯ ಅನ್ನಾನೇ ಮುಟ್ಟಲ್ಲ ಇವಳು. ಬಿ.ಎ. ಮಾಡಿ ಇಷ್ಟೂ ಗೊತ್ತಾಗ್ಲಿಲ್ವಾ ಮಾರಾಯ್ತಿ ನಿಂಗೆ?"

ಗೊತ್ತಿತ್ತು. ಆ ಮಡಿಯ ಮನೆಯಲ್ಲೇ ಬೆಳೆದವಳು ನಾನು. ಕೆಡದಂತೆ ಇಡುವುದರಲ್ಲೇ ಮುಳುಗಿ, ಕೆಡದಿದ್ದರೂ ಅಮ್ಮನಿಗೆ ತಂಗಳು ತಂಗಳೇ ಎಂಬುದನ್ನು ಮರೆತಿದ್ದೆ.

ಅವತ್ತು ಹೊಲಿಗೆಯ ಗಂಟಿನ ಮೇಲೆ ಅಮ್ಮನ ನೇರಳೆ ಸೀರೆ ಇತ್ತು. ನಮ್ಮ ಬಾಲ್ಯವೆಲ್ಲ ಅವಳು ಉಟ್ಟದ್ದು, ಅಪ್ಪ ಹೋದ ಮೇಲೆ ಬಿಟ್ಟದ್ದು. "ಇದು ಈ ಸಲದ ಕೌದಿಯ ನಡುವಿಗೆ" ಎಂದು ಅಕ್ಕ ಅದರ ಮೇಲೆ ಕೈಯಾಡಿಸಿದಳು, ಅದು ಆಗಲೇ ಅವಳದಾದ ಹಾಗೆ. ಇಬ್ಬರೂ ಒಣಗಿದ ಬಟ್ಟೆ ತರಲು ಹಿತ್ತಿಲಿಗೆ ಹೋದಾಗ ನಾನು ಅದನ್ನು ಮಡಚಿ ನನ್ನ ಚೀಲದೊಳಗೆ ತುರುಕಿಕೊಂಡೆ.

ಏನು ಮಾಡಬೇಕೆಂದಿದ್ದೆನೋ ತಿಳಿಯದು. ಮಾರನೆಯ ದಿನ ಅದನ್ನು ದುಂಡಗೆ ಕತ್ತರಿಸಿ ಬಾಟ್ಲಿಗಳ ಮುಚ್ಚಳದ ಮೇಲೆ ಕಟ್ಟಿದೆ. ಆ ದಿನದ ಡೈರಿಯಲ್ಲಿ ಇರುವುದು ಇಷ್ಟೇ: "ಅನಾನಸ್, ಹನ್ನೆರಡು ಬಾಟ್ಲಿ." ಅಳುತ್ತ ಕತ್ತರಿಸಿದೆ ಎಂದು ನೆನಪು ಹೇಳುತ್ತದೆ. ನಾನದನ್ನು ನಂಬುವುದಿಲ್ಲ. ತುಂಡುಗಳೆಲ್ಲ ಬಹಳ ಚೊಕ್ಕವಾಗಿದ್ದವು.

ಎರಡು ವಾರ ಕಳೆದು, ಹೇಳದೆ ಕೇಳದೆ ಅಮ್ಮ ಬಂದಳು.

"ಆ ನೇರಳೆ ಸೀರೆ ಎಲ್ಲೂ ಸಿಗ್ಲಿಲ್ಲ. ನಡುವಿಗೆ ಅದೇ ಬೇಕು ಅಂತ ನಿಮ್ಮಕ್ಕಂದು ಹಟ. ಕೌದಿ ನಿಂತಿದೆ, ಅದಕ್ಕೇ ಬಂದೆ."

ಬಾಟ್ಲಿಗಳನ್ನು ಅಡಗಿಸಲು ಹೊತ್ತಿರಲಿಲ್ಲ. ಅಡುಗೆಮನೆಯ ಹಲಗೆಯ ಮೇಲಿದ್ದ ನೇರಳೆ ಮುಚ್ಚಳಗಳನ್ನು ಅಮ್ಮ ಒಂದೊಂದಾಗಿ ನೋಡಿದಳು.

"ಕೇಳಿದ್ರೆ ಕೊಡ್ತಿರ್ಲಿಲ್ವೇನೇ?"

"ಕೊಡ್ತಿರ್ಲಿಲ್ಲ" ಅಂದೆ.

ಅಮ್ಮ ಇಲ್ಲ ಎನ್ನಲಿಲ್ಲ. ನಾಲ್ಕು ದಿನ ಇದ್ದಳು. ಬೇರೆ ಸೀರೆ ಹಾಕಿ ಮುಗಿಸೋಣ, ಬಾ ಎಂದು ಅಕ್ಕನ ಕಾಗದ ಬಂತು. ಹೊರಟು ಹೋದಳು.

ಆ ನಾಲ್ಕು ದಿನಗಳಲ್ಲಿ ಯಾವಾಗಲೋ ಒಂದು ಮಾತು ಬಂದಿತ್ತು: "ಅವಳಿಗೆ ಹೇಳೋದು ಬೇಡ." ಅಕ್ಕನಿಗೆ ಕಡೆಯವರೆಗೂ ತಿಳಿಯಲಿಲ್ಲ. ಅಮ್ಮನ ಜೊತೆ ಅಕ್ಕನಿಗಿಲ್ಲದ ಒಂದು ಗುಟ್ಟು ನನಗಿದೆ ಎಂದು ಎಷ್ಟೋ ವರ್ಷ ಒಳಗೊಳಗೇ ಹಿಗ್ಗಿದ್ದೇನೆ. ಆದರೆ ಆ ಮಾತು ಆಡಿದ್ದು ಅಮ್ಮನೋ, ಬೇಡಿಕೊಂಡದ್ದು ನಾನೋ? ಡೈರಿಯಲ್ಲಿ ಇಲ್ಲ. ಅಮ್ಮನೇ ಅಂದದ್ದು ಎಂದು ಇಲ್ಲಿ ಬರೆಯಲು ಹೊರಟು, ಎರಡು ಸಲ ಬರೆದು, ಎರಡು ಸಲವೂ ಹೊಡೆದುಹಾಕಿದ್ದೇನೆ.